ವಿಶ್ವದ ಪಹಣಿ: ಖಾತೆದಾರ, ಮನುಷ್ಯ

ಎಲ್ಲವೂ ಮನುಷ್ಯನಿಗಾಗಿಯೇ ಇದೆ ಎಂಬ ತತ್ವ ಕಲಿಯಲು ಗ್ರೀಕರ ತನಕ ಹೋಗಬೇಕಿಲ್ಲ. ನಾಡಕಚೇರಿಯಲ್ಲಿ ಒಂದು ಪಹಣಿ ತೆಗೆಸಿ, ಮೂರನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣ, ಕೆಳಗೆ ಫೂಟ್ ಖರಾಬು 'ಅ', ಫೂಟ್ ಖರಾಬು 'ಬ', ಕಡೆಗೆ ಉಳಿಕೆ. ನೇಗಿಲು ಇಳಿಯದ ಬಂಡೆ 'ಅ' ಖರಾಬು. ಹಳ್ಳ, ದಾರಿ, ಸ್ಮಶಾನ 'ಬ' ಖರಾಬು. ಬಳ್ಳಾರಿ, ಕೊಪ್ಪಳದ ಗ್ರಾನೈಟ್ ಗುಡ್ಡಗಳಿಗೆ ಸುಮಾರು 250 ಕೋಟಿ ವರ್ಷ, ನಮ್ಮ ಮನುಷ್ಯಕುಲಕ್ಕೆ ಸುಮಾರು 3 ಲಕ್ಷ. ನಿನ್ನೆ ಮೊನ್ನೆ ಬಂದವನು ಗುಡ್ಡವನ್ನು ಮೇಲಿಂದ ಕೆಳಗೆ ನೋಡಿ, ಇದರ ಮೇಲೆ ಜೋಳ ಬೆಳೆಯಲ್ಲ, ಖರಾಬು ಅಂತ ಬರೀರಿ ಅಂದ. ಕ್ರಷರ್ ಬಂದ ದಿನ ಅದೇ ಖರಾಬಿಗೆ ಟನ್ನಿನ ಲೆಕ್ಕದಲ್ಲಿ ರೇಟು ಕಟ್ಟಿದ. ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದವರು ಕೊಡಲಿ ಮಾಡಿದ ಜಾಗವಿದೆ, ಬಂಡೆಗೆ ಕುಟ್ಟಿ ಮೂಡಿಸಿದ ಚಿತ್ರಗಳಿವೆ, ಬಡಿದರೆ ನಾದ ಕೊಡುವ ಕಲ್ಲುಗಳಿವೆ. ಅವುಗಳಲ್ಲೂ ಒಂದಷ್ಟು ಜಲ್ಲಿಯಾಗಿ ಹೋದವು.

ಇಷ್ಟು ಅನುಭವ ಇರುವವರು ಬರೀ ಸರ್ವೆ ನಂಬರಿಗೆ ಯಾಕೆ ನಿಲ್ಲಬೇಕು? ಇಡೀ ವಿಶ್ವಕ್ಕೇ ಖಾತೆ ಮಾಡಿಸಿಕೊಳ್ಳಬಹುದು.

ಮೊದಲು ವಿಸ್ತೀರ್ಣ. ನಮಗೆ ಕಾಣಬಲ್ಲ ವಿಶ್ವದ ಅಡ್ಡಳತೆ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಅದನ್ನು ಎಕರೆ, ಗುಂಟೆಗೆ ಇಳಿಸಿ. ಗುಂಟೆ ಅಂದರೆ 33 ಅಡಿಗೆ 33 ಅಡಿ. ಕಾಲಂ ಸಾಲದಿದ್ದರೆ ಹಾಳೆಯ ಹಿಂಬದಿ ಇದೆ. ನಕ್ಷತ್ರ, ಕಪ್ಪುಕುಳಿ, ಅವುಗಳ ನಡುವಿನ ಬಯಲು ಪೂರಾ 'ಅ' ಖರಾಬು: ಮುಂಗಾರಿಗೂ ಬಿತ್ತನೆ ಇಲ್ಲ, ಹಿಂಗಾರಿಗೂ ಇಲ್ಲ. ಉಳಿದದ್ದು ಭೂಮಿ. ಅದರ ಮೈಯಲ್ಲಿ ನೂರಕ್ಕೆ 71 ಪಾಲು ನೀರು, ಅದು 'ಬ' ಖರಾಬು. ಮರುಭೂಮಿ, ಹಿಮ ಕಳೆಯಿರಿ. ಉಳಿಕೆಗೆ ಬರುವಷ್ಟರಲ್ಲಿ ಸಿಂಧನೂರಿನ ಭತ್ತದ ಗದ್ದೆಯಂಥ ಕೆಲವು ತುಂಡು ಸಿಗುತ್ತವೆ. ಇಷ್ಟಕ್ಕಾಗಿಯೇ 1,380 ಕೋಟಿ ವರ್ಷ ತಯಾರಿ ನಡೆಯಿತು ಎಂದು ಪ್ರಮಾಣಪತ್ರ ಬರೆದುಕೊಡಬೇಕು, ಛಾಪಾ ಕಾಗದದ ಮೇಲೆ.

ಅಳತೆಗೆ ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಚಿಂತಕ ಪ್ರೊಟಾಗೊರಸ್ ಇದ್ದಾನೆ. ಎಲ್ಲಕ್ಕೂ ಮನುಷ್ಯನೇ ಅಳತೆಗೋಲು ಅಂದವನು. ಚೈನು, ಸರ್ವೆಯರ್, ಅರ್ಜಿದಾರ ಮೂವರೂ ಒಬ್ಬನೇ ಆದ ಮೇಲೆ ಹದ್ದು ತಪ್ಪುವುದೆಲ್ಲಿ! ಇನ್ನು ವಿಜ್ಞಾನದ ಸೀಲು ಬೇಕೆನ್ನುವವರು 1973ರಲ್ಲಿ ಭೌತವಿಜ್ಞಾನಿ ಬ್ರ್ಯಾಂಡನ್ ಕಾರ್ಟರ್ 'ಆಂಥ್ರಾಪಿಕ್ ತತ್ವ' ಎಂದು ಆಡಿದ ಮಾತನ್ನು ಲಗತ್ತಿಸುತ್ತಾರೆ. ಅದರ ಗಟ್ಟಿ ಭಾಗ ಇಷ್ಟು: ನೋಡುವವನು ತಾನು ಬದುಕಬಲ್ಲ ಜಾಗದಲ್ಲಿ ನಿಂತೇ ನೋಡಬೇಕು, ಕಂಡದ್ದನ್ನು ತೂಗುವಾಗ ಅದನ್ನು ಮರೆಯಬಾರದು. ಸರ್ವೆಯರ್ ಕಾಲೂರಿದ ಕಡೆಯೆಲ್ಲ ಒಣನೆಲವೇ ಇತ್ತೆಂದು, ತುಂಗಭದ್ರೆಯಲ್ಲಿ ನೀರೇ ಇಲ್ಲ ಅಂತ ಷರಾ ಬರೆಯಬಾರದು. ಇದು ಎಚ್ಚರಿಕೆ. ಖಾತೆಗೆ ಹೊರಟವರು ಎಚ್ಚರಿಕೆಯನ್ನು ಹರಿದು, ಸೀಲು ಇರುವ ತುಣುಕನ್ನಷ್ಟೇ ಇಟ್ಟುಕೊಂಡಿದ್ದಾರೆ. ಕಾರ್ಟರ್ ಮಾತಾಡಿದ್ದು ಕೊಪರ್ನಿಕಸ್‌ನ 500ನೇ ಜನ್ಮವರ್ಷದ ಸಭೆಯಲ್ಲಿ. ಕೊಪರ್ನಿಕಸ್ ಅಂದರೆ 1543ರಲ್ಲೇ ಭೂಮಿಯನ್ನು ನಟ್ಟನಡುವಿನಿಂದ ಎಬ್ಬಿಸಿ ಆಚೆ ಕೂರಿಸಿದವನು. ಅದನ್ನು ಯಾರೂ ಲಗತ್ತಿಸುವುದಿಲ್ಲ.

ಸೃಷ್ಟಿಯ ಉದ್ದೇಶಕ್ಕೆ ಪುರಾವೆ ಕೇಳಿದರೆ ಸಂಡೂರಿನ ಅದಿರು ತೋರಿಸಿ. ಸುಮಾರು 270 ಕೋಟಿ ವರ್ಷದ ಹಿಂದೆ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಅದು. ಕೂತದ್ದು ಯಾತಕ್ಕೆ? 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಲಾರಿ ಹತ್ತಲಿಕ್ಕೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಸೃಷ್ಟಿಯ ಉದ್ದೇಶಕ್ಕೇ ತಡೆಯಾಜ್ಞೆ ಬಿತ್ತು. ಅರ್ಜಿದಾರನ ಸಾಧನೆ ಏನೆಂದು ಕೇಳಿದರೆ ಬಳ್ಳಾರಿ ಬಳಿಯ ಕುಡತಿನಿಗೆ ಕರೆದೊಯ್ಯಿರಿ. ನವಶಿಲಾಯುಗದವರು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬ ಅಲ್ಲಿದೆ, ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯೂ ಅಲ್ಲೇ ಇದೆ. ನಡುವಿನ ಸಾವಿರಾರು ವರ್ಷಗಳ ಪ್ರಗತಿಯನ್ನು ಬೆರಳಲ್ಲಿ ಒರೆಸಿ ನೋಡಬಹುದು.

ಕೆಲಸ ಕೆಡುವುದು ತಕರಾರಿನ ಹಂತದಲ್ಲಿ. ಖಾಸಗಿ ಜಮೀನಿಗೆ ಪ್ರತಿಕೂಲ ಸ್ವಾಧೀನ, ಅಂದರೆ ಬಹುಕಾಲ ಅನುಭವಿಸಿದ್ದರಿಂದಲೇ ಹಕ್ಕು, ಹೇಳಲು ಕಾಲಮಿತಿ ಕಾಯಿದೆಯಲ್ಲಿ 12 ವರ್ಷ ಸಾಕು. ಡೈನೋಸಾರ್‌ಗಳು 16 ಕೋಟಿ ವರ್ಷ ಸಾಗುವಳಿಯಲ್ಲಿದ್ದವು. 6.6 ಕೋಟಿ ವರ್ಷದ ಹಿಂದೆ ತೀರಿಕೊಂಡವಲ್ಲ ಅನ್ನುವಿರೇ? ವಾರಸುದಾರರು ಇದ್ದಾರೆ. ಹಕ್ಕಿಗಳು ಅದೇ ವಂಶ, ಆದ್ದರಿಂದ ಪೌತಿ ಖಾತೆ ನ್ಯಾಯವಾಗಿ ಹಿತ್ತಲ ಕೋಳಿಯ ಹೆಸರಿಗಾಗಬೇಕು. ನಮ್ಮ ವಂಶವೃಕ್ಷ ಲಗತ್ತಿಸಿದರೆ ಇನ್ನೊಂದು ಪೇಚು: 60-70 ಲಕ್ಷ ವರ್ಷದ ಹಿಂದೆ ಬೇರೆಯಾದ ಚಿಂಪಾಂಜಿ ದಾಯಾದಿಗಳ ಸಹಿ ಕೇಳುತ್ತಾರೆ. ದರೋಜಿ ಕರಡಿಧಾಮದ ಕರಡಿ ತನ್ನದೇ ಪಹಣಿ ಹಿಡಿದು ಬರುತ್ತದೆ. ಅದರಲ್ಲಿ ಬಂಡೆಸಂದು, ಗೆದ್ದಲ ಹುತ್ತ, ಕವಳೆಹಣ್ಣಿನ ಪೊದೆ ಉಳಿಕೆ; ನಾಲೆ ನೀರಿನ ಗದ್ದೆಯೆಲ್ಲ ಖರಾಬು. ತರ್ಕದಲ್ಲಿ ನಮ್ಮದಕ್ಕಿಂತ ಒಂದು ಗುಂಟೆಯೂ ಕಡಿಮೆ ಇಲ್ಲ. ತುಂಗಭದ್ರೆ ತಕರಾರನ್ನು ಹೂಳಿನಲ್ಲಿ ಬರೆದಿದ್ದಾಳೆ: 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿನಲ್ಲಿದೆ.

ಇದನ್ನೆಲ್ಲ ವಜಾ ಮಾಡಿಸಿದರೂ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಬಾಕಿ. ದೂರದ ಗೆಲಾಕ್ಸಿಗಳು ಇನ್ನೂ ದೂರ ಸರಿಯುತ್ತಿವೆ ಎಂದು ಖಗೋಳಜ್ಞ ಹಬಲ್ 1929ರಲ್ಲೇ ತೋರಿಸಿದ್ದಾನೆ. ಬೆಳಿಗ್ಗೆ ನೆಟ್ಟ ಬಾಂದುಕಲ್ಲು ಸಂಜೆಗೆ ಅಲ್ಲಿರದು. ಪಕ್ಕದ ಹೊಲದವನು ಕಿತ್ತನೆಂದು ಠಾಣೆಗೆ ಹೋಗೋಣವೆಂದರೆ ಪಕ್ಕದ ಹೊಲವೇ ಇಲ್ಲ.

"ಮೂಡಣಕ್ಕ ಏನೈತಿ?"

"ಗೊತ್ತಿಲ್ರಿ ಸಾಹೇಬ್ರ."

"ಪಡುವಣಕ್ಕ?"

"ಅದೂ ಗೊತ್ತಿಲ್ರಿ."

"ಹಂಗಾದ್ರ ನಾಕೂ ದಿಕ್ಕಿಗೆ ಅರ್ಜಿದಾರನ ಸ್ವಂತ ಜಮೀನು ಅಂತ ಬರಕೊಂಡ್ ಬಾ. ನಾಳಿ ಸರ್ವರ್ ಬಂದ್ರ ನೋಡೂನು."