ಸುದ್ದಿ ಬಂದರಷ್ಟೇ ನೋಯುವ ಎದೆ

ಎದೆನೋವು ಬಂದ ಕನ್ನಡಿಗ ವೈದ್ಯರ ಬಳಿಗೆ ಹೋಗುವ ಮೊದಲು ಅಡುಗೆಮನೆಗೆ ಹೋಗುತ್ತಾನೆ. ಅಲ್ಲಿ ಜೀರಿಗೆ ಕಷಾಯವೋ, ಓಮದ ನೀರೋ, ನಿಂಬೆಹಣ್ಣು ಹಿಂಡಿದ ಸೋಡಾವೋ ಸಿದ್ಧವಾಗುವಷ್ಟರಲ್ಲಿ ಮನೆಯ ಹಿರಿಯರು, ಪಕ್ಕದ ಮನೆಯವರು ಮತ್ತು ಫೋನಿನಲ್ಲಿ ಸಿಕ್ಕ ಭಾವಮೈದುನ ಸೇರಿದ ತಜ್ಞರ ಮಂಡಳಿಯೊಂದು ರಚನೆಯಾಗಿ, ರೋಗಿಯ ನಾಡಿ ಮುಟ್ಟುವ ಗೋಜಿಗೂ ಹೋಗದೆ, ಇದು ಗ್ಯಾಸ್ಟ್ರಿಕ್ ಎಂದು ಅವಿರೋಧವಾಗಿ ತೀರ್ಮಾನಿಸಿರುತ್ತದೆ. ಸಂಜೆ ತಿಂದ ಮೆಣಸಿನಕಾಯಿ ಬಜ್ಜಿಯನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಲಾಗುತ್ತದೆ. ಎಡಗೈ ಸೆಳೆಯುತ್ತಿದೆ ಎಂದು ರೋಗಿ ಹೇಳಿದರೆ ಅದು ಕೈ ಮಡಚಿಕೊಂಡು ಮಲಗಿದ್ದರ ಫಲ. ಬೆವರುತ್ತಿದೆ ಎಂದರೆ ಸೆಕೆ. ಉಸಿರು ಕಟ್ಟುತ್ತಿದೆ ಎಂದರೆ ಅವನು ಮೊದಲಿನಿಂದಲೂ ಸ್ವಲ್ಪ ಪುಕ್ಕಲ. ಹೃದ್ರೋಗದ ಲಕ್ಷಣಗಳೆಲ್ಲ ಒಂದೊಂದಾಗಿ ಬಂದು ಹಾಜರಿ ಹಾಕಿದರೂ ಮಂಡಳಿಯ ತೀರ್ಪು ಬದಲಾಗುವುದಿಲ್ಲ, ಏಕೆಂದರೆ ಗ್ಯಾಸ್ಟ್ರಿಕ್‌ಗೆ ಹತ್ತು ರೂಪಾಯಿಯ ಪುಡಿ ಸಾಕು, ಹೃದಯಕ್ಕೆ ಅಷ್ಟು ಸಾಲದು ಎಂಬುದು ಅಲ್ಲಿ ಕುಳಿತ ಎಲ್ಲರಿಗೂ ಗೊತ್ತಿದೆ.

ಪುಡಿಗೆ ಬಗ್ಗದ ನೋವನ್ನು ಮೇಲ್ಮನವಿಗಾಗಿ ಮೆಡಿಕಲ್ ಶಾಪಿಗೆ ಒಯ್ಯಲಾಗುತ್ತದೆ. ಈ ನಾಡಿನ ನಿಜವಾದ ಹೊರರೋಗಿ ವಿಭಾಗ ಇರುವುದು ಅಲ್ಲಿಯೇ. ಟೋಕನ್ ಇಲ್ಲ, ಚೀಟಿ ಮಾಡಿಸಬೇಕಿಲ್ಲ, ಫೀಸು ಇಲ್ಲ, ಮುಖ್ಯವಾಗಿ ಅಂಗಿ ಬಿಚ್ಚಿ ಮಲಗಿ ಎಂದು ಯಾರೂ ಹೇಳುವುದಿಲ್ಲ. ‘ಅಣ್ಣಾ, ಎದೆ ಉರೀತಿದೆ, ಒಂದೆರಡು ಮಾತ್ರೆ ಕೊಡಿ’ ಎಂದರೆ ಅಣ್ಣ ಡ್ರಾಯರ್ ಎಳೆದು, ಹತ್ತರ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆಗಳನ್ನು ಕತ್ತರಿಯಿಂದ ಕತ್ತರಿಸಿ, ಪುಟ್ಟ ಕಾಗದದ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ 1-0-1 ಎಂದು ಬರೆದು ಕೈಗಿಡುತ್ತಾನೆ. ಔಷಧದ ಹೆಸರಿನ ಅರ್ಧ ಭಾಗ ಮತ್ತು ಅವಧಿ ಮುಗಿಯುವ ದಿನಾಂಕ ಪೂರ್ತಿಯಾಗಿ ಅಂಗಡಿಯಲ್ಲೇ ಉಳಿದ ತುಂಡಿನಲ್ಲಿರುತ್ತವೆ. ಷೆಡ್ಯೂಲ್ ಎಚ್ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ಎಚ್ಚರಿಕೆಯನ್ನು ಕಾನೂನು ಆ ಸ್ಟ್ರಿಪ್ಪಿನ ಮೇಲೆಯೇ ಅಚ್ಚು ಹಾಕಿಸಿದೆ. ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಜನ ತಮಗೆ ತಾವೇ ಕೊಂಡು ನುಂಗದಿರಲಿ ಎಂದು ಕೇಂದ್ರ ಸರ್ಕಾರ 2016ರಲ್ಲಿ, ಅವುಗಳ ಸ್ಟ್ರಿಪ್ಪಿನ ಮೇಲಿರುವ ಕೆಂಪು ಗೆರೆಯನ್ನು ಗಮನಿಸಿ ಎಂಬ ಅಭಿಯಾನವನ್ನೂ ನಡೆಸಿತು. ಆ ಕೆಂಪು ಗೆರೆ ಕತ್ತರಿ ಹಾಕಬೇಕಾದ ಜಾಗದ ಗುರುತು ಎಂದು ನಮ್ಮ ಅಂಗಡಿಗಳು ತಿಳಿದುಕೊಂಡಂತಿದೆ. ಹಾಗೆಂದು ಅಂಗಡಿಯವರನ್ನಷ್ಟೇ ದೂರುವುದು ನ್ಯಾಯವಲ್ಲ. ರಾತ್ರಿ ಹತ್ತರವರೆಗೆ ಬಾಗಿಲು ತೆರೆದಿದ್ದು, ಬಂದವರನ್ನು ಹೆಸರು ಹಿಡಿದು ಮಾತನಾಡಿಸುವ ಆರೋಗ್ಯ ಸಂಸ್ಥೆ ಎಷ್ಟೋ ಊರುಗಳಲ್ಲಿ ಅದೊಂದೇ.

ವಿದ್ಯಾವಂತರು ಇದನ್ನೆಲ್ಲ ಅಜ್ಞಾನ ಎಂದು ಕರೆದು, ತಮ್ಮ ಶುಗರ್ ಪರೀಕ್ಷೆಯನ್ನು ದೀಪಾವಳಿ ಮುಗಿಯುವವರೆಗೆ ಮುಂದಕ್ಕೆ ಹಾಕುತ್ತಾರೆ. ಇದು ಅಜ್ಞಾನವಲ್ಲ, ರೋಗ ಹುಟ್ಟುವುದು ದೇಹದಲ್ಲಲ್ಲ, ವೈದ್ಯರ ಕೋಣೆಯಲ್ಲಿ ಎಂಬ ಪಕ್ಕಾ ಸಿದ್ಧಾಂತ. ‘ಚೆನ್ನಾಗೇ ಓಡಾಡ್ಕೊಂಡಿದ್ರು, ಆಸ್ಪತ್ರೆಗೆ ಹೋದ ಮೇಲೇ ನೋಡಿ ಹಾಸಿಗೆ ಹಿಡಿದಿದ್ದು’ ಎಂಬ ಮಾತು ಕೇಳಿಬರದ ಸಾವಿನ ಮನೆ ಈ ರಾಜ್ಯದಲ್ಲಿ ಇರಲಾರದು. ರಕ್ತದೊತ್ತಡ ನೂರ ಎಪ್ಪತ್ತು ಇದ್ದಾಗಲೇ ಮದುವೆಮನೆಯಲ್ಲಿ ಮೂರು ಪಂಕ್ತಿಗೆ ನಿಂತು ಬಡಿಸಿದವರು, ಅದನ್ನು ಯಾರೋ ಅಳೆದು ಬರೆದುಕೊಟ್ಟ ಮರುದಿನದಿಂದ ಮೆಟ್ಟಿಲು ಹತ್ತಲಾರರು. ಹೀಗಿರುವಾಗ ಅಳೆಸಿಕೊಳ್ಳದೆ ಇರುವುದಕ್ಕಿಂತ ದೊಡ್ಡ ಆರೋಗ್ಯ ಯಾವುದಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು (2019–21) ಕರ್ನಾಟಕದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತದೊತ್ತಡ ಏರಿದೆ ಎಂದು ಹೇಳಿತು. ಉಳಿದ ಮೂವರಲ್ಲಿ ತಾನೂ ಒಬ್ಬನೆಂದು ನಾಲ್ವರೂ ನೆಮ್ಮದಿಯಾಗಿದ್ದಾರೆ.

ಈ ಸಿದ್ಧಾಂತಕ್ಕೆ ಸರ್ಕಾರಿ ಮುದ್ರೆಯೂ ಬಿದ್ದಿದೆ ಎಂಬುದು ಅನೇಕರಿಗೆ ತಿಳಿಯದು. ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯ ಪ್ರಕಾರ, ಪಾಲಿಸಿ ಮಾಡಿಸುವುದಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆಹಚ್ಚಿದ, ಅಥವಾ ಸಲಹೆಯನ್ನೋ ಚಿಕಿತ್ಸೆಯನ್ನೋ ನೀಡಿದ ಕಾಯಿಲೆಯೇ ‘ಮೊದಲೇ ಇದ್ದ ಕಾಯಿಲೆ’. ಅಂಥ ಕಾಯಿಲೆಯ ಖರ್ಚನ್ನು ಕೊಡಲು ಕಂಪನಿ ಗರಿಷ್ಠ ಮೂರು ವರ್ಷ ಕಾಯಿಸಬಹುದು. 2024ಕ್ಕೆ ಮೊದಲು ನಾಲ್ಕು ವರ್ಷ ಕಾಯಿಸಬಹುದಿತ್ತು, ಈಗ ಕನಿಕರ ತೋರಿಸಲಾಗಿದೆ. ಯಾವ ವೈದ್ಯರ ಕಣ್ಣಿಗೂ ಬೀಳದೆ ಒಳಗೊಳಗೇ ಬೆಳೆಯುತ್ತಿರುವ ಕಾಯಿಲೆ ಈ ವ್ಯಾಖ್ಯೆಯ ಬಲೆಗೆ ಬೀಳುವುದೇ ಇಲ್ಲ. ಅಂದರೆ ನಲವತ್ತು ತುಂಬಿತೆಂದು ತಾನಾಗಿಯೇ ಹೋಗಿ ತಪಾಸಣೆ ಮಾಡಿಸಿಕೊಂಡು, ಶುಗರ್ ಇರುವುದನ್ನು ಅರ್ಜಿಯಲ್ಲಿ ಪ್ರಾಮಾಣಿಕವಾಗಿ ಬರೆದವನು ಹೆಚ್ಚಿನ ಕಂತು ಕಟ್ಟಿ ಮೂರು ವರ್ಷ ಕಾಯುವ ಸಂಭವವಿದೆ. ಆಸ್ಪತ್ರೆಯ ದಿಕ್ಕಿಗೆ ತಲೆಹಾಕಿಯೂ ಮಲಗದವನು ‘ಕಾಯಿಲೆ ಇಲ್ಲ’ ಎಂದು ಬರೆದರೆ ಅದು ಸುಳ್ಳೂ ಆಗುವುದಿಲ್ಲ. ನಮ್ಮ ಅಜ್ಜಿಯರು ಜಗಲಿಯ ಮೇಲೆ ಕುಳಿತು ಹೇಳುತ್ತಿದ್ದುದನ್ನೇ ಪ್ರಾಧಿಕಾರ ಉಪಕಲಮುಗಳಲ್ಲಿ ಹೇಳಿದೆ.

ಇನ್ನು ಧೈರ್ಯ ಮಾಡಿ ಹೊರಟವರ ಪಾಡನ್ನು ನೋಡೋಣ. ದೊಡ್ಡ ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಲ್ಲಿ ನೋವು’ ಎಂಬುದಲ್ಲ, ‘ಕ್ಯಾಶಾ, ಇನ್ಶೂರೆನ್ಸಾ’ ಎಂಬುದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ರಾಜ್ಯ ಸರ್ಕಾರ ಚಿಕಿತ್ಸೆಯ ದರಕ್ಕೆ ಕಡಿವಾಣ ಹಾಕುವ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿ, ಬೆಳಗಾವಿಯ ಅಧಿವೇಶನದವರೆಗೂ ಆ ಬಿಸಿ ಮುಟ್ಟಿಸಿದ್ದರು. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂಬುದು ಕಾಯ್ದೆಯಲ್ಲಿ ಉಳಿದುಕೊಂಡಿದೆ, ಮತ್ತು ಪಟ್ಟಿಯನ್ನು ಹಾಕಿಯೂ ಇರುತ್ತಾರೆ; ಲಿಫ್ಟಿನ ಪಕ್ಕದ ಆಳೆತ್ತರದ ಕುಂಡದ ಗಿಡವನ್ನು ಎರಡೂ ಕೈಗಳಿಂದ ಸರಿಸಿ ಇಣುಕಿದರೆ ಕೊಠಡಿಯ ಬಾಡಿಗೆ ಕಾಣುತ್ತದೆ, ಇನ್ನಷ್ಟು ಬಗ್ಗಿದರೆ ಐಸಿಯು ದರವೂ ಕಾಣುತ್ತದೆ. ಅಷ್ಟು ಬಗ್ಗಬಲ್ಲವನಿಗೆ ಐಸಿಯು ಬೇಕಾಗಿರುವುದಿಲ್ಲ.

ಸರ್ಕಾರದ ದಾರಿ ಇದಕ್ಕಿಂತ ಸ್ವಾರಸ್ಯಕರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಉಂಟು. ಒಳ್ಳೆಯ ಯೋಜನೆಯೇ, ಅದರಿಂದ ಬದುಕಿ ಬಂದವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಇದರ ಲಾಭ ಪಡೆಯಲು ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತು ಪರಿಸ್ಥಿತಿಯಾದರೆ ಮಾತ್ರ ಆ ಪತ್ರ ಬೇಕಿಲ್ಲ. ಪತ್ರಕ್ಕಾಗಿ ಎರಡು ದಿನದ ಕೂಲಿ ಬಿಟ್ಟು, ರೇಷನ್ ಕಾರ್ಡು, ಆಧಾರ್ ಕಾರ್ಡುಗಳ ಜೆರಾಕ್ಸ್ ಹಿಡಿದು, ಸಹಿ ಹಾಕಬೇಕಾದವರು ಮೀಟಿಂಗಿಗೆ ಹೋಗಿದ್ದಾರೆ ಎಂಬ ಉತ್ತರ ಕೇಳಿ ಬಸ್ಸು ಹತ್ತಿದವನಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಸುಮ್ಮನೆ ಮನೆಯಲ್ಲಿದ್ದು ಕಾಯಿಲೆ ಬಲಿತು ತುರ್ತಾಗುವವರೆಗೆ ಕಾದರೆ ಯಾವ ಪತ್ರದ ತಾಪತ್ರಯವೂ ಇಲ್ಲ. ನಿಯಮವನ್ನು ಇಷ್ಟು ಶ್ರದ್ಧೆಯಿಂದ ಓದಿ ಪಾಲಿಸುವ ಜನ ಬೇರೆಲ್ಲೂ ಸಿಗಲಾರರು. ದೇಶದಲ್ಲಿ ಆರೋಗ್ಯಕ್ಕಾಗಿ ಆಗುವ ಒಟ್ಟು ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ನೇರವಾಗಿ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಆಸ್ಪತ್ರೆಗೆ ಹೋಗದೆ ಉಳಿಸಿದವರ ಹಣ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲವಾದ್ದರಿಂದ ಅವರ ಕೊಡುಗೆಯನ್ನು ಯಾರೂ ಸ್ಮರಿಸಿಲ್ಲ.

ಇಷ್ಟೆಲ್ಲ ನಿಷ್ಠೆಯಿಂದ ವೈದ್ಯರನ್ನು ತಪ್ಪಿಸಿಕೊಂಡು ಬದುಕುವ ನಾವು ಒಂದೇ ಒಂದು ಸಂದರ್ಭದಲ್ಲಿ ವ್ರತಭಂಗ ಮಾಡುತ್ತೇವೆ. ಅದು ನಮಗೆ ನೋವು ಬಂದಾಗಲ್ಲ, ಬೇರೆಯವರು ಸತ್ತ ಸುದ್ದಿ ಬಂದಾಗ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ತೀರಿಕೊಂಡ ಬಳಿಕ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ಸುದ್ದಿಯಾದಾಗ, ಜುಲೈ ಹೊತ್ತಿಗೆ ಮೈಸೂರಿನ ಜಯದೇವದ ಮುಂದೆ ನಸುಕಿನಿಂದಲೇ ಸಾಲುಗಟ್ಟಿದರು. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಆಗಿದ್ದ ನೋವು ಟಿ.ವಿ.ಯ ಕೆಳಗೆ ಓಡುವ ಕೆಂಪು ಪಟ್ಟಿಯನ್ನು ಓದಿದೊಡನೆ ಹೃದಯಕ್ಕೆ ಬಡ್ತಿ ಪಡೆಯಿತು. ಗಾಬರಿಯಾಗಬೇಡಿ, ನಿಮ್ಮ ಹತ್ತಿರದ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳಿ ಎಂದು ಅಲ್ಲಿನ ವೈದ್ಯರೇ ಕೈಮುಗಿಯಬೇಕಾಯಿತು.

ಹತ್ತಿರದ ಆಸ್ಪತ್ರೆ ಎಂಬುದೇ ಇಲ್ಲಿ ತೊಡಕು. ಪುನೀತ್ ಅವರ ಹೆಸರಿನಲ್ಲೇ ಸರ್ಕಾರ ಆರಂಭಿಸಿದ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅದನ್ನು ದೂರದ ತಜ್ಞರಿಗೆ ಕಳಿಸಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಮೊದಲ ಗಂಟೆಯೊಳಗೆ ಸಿಕ್ಕರೆ ಜೀವ ಉಳಿಸುವ ಮದ್ದು ಅದು. ಆದರೆ ಬಸ್ ನಿಲ್ದಾಣದ ಹಿಂದೆಯೇ ಇರುವ, ಚಿಕಿತ್ಸೆಗೆ ದುಡ್ಡು ಕೇಳದ ಆಸ್ಪತ್ರೆಯಲ್ಲಿ ಒಳ್ಳೆಯದೇನಾದರೂ ಇರಬಹುದೆಂದು ನಂಬುವುದು ನಮ್ಮ ಮರ್ಯಾದೆಗೆ ಕಡಿಮೆ. ನೂರೈವತ್ತು ಕಿಲೋಮೀಟರ್ ಕಾರು ಓಡಿಸಿ, ದಾರಿಯಲ್ಲಿ ಇಡ್ಲಿ ವಡೆ ತಿಂದು, ಸಾಲಿನಲ್ಲಿ ನಾಲ್ಕು ಗಂಟೆ ನಿಂತು ತೆಗೆಸಿದ ಇಸಿಜಿಗೇ ಬೆಲೆ.

ಆ ಇಸಿಜಿಯಲ್ಲಿ ಎಲ್ಲ ಸರಿಯಾಗಿ ಕಂಡರೆ ಮುಗಿಯಿತು. ಮಲಗಿದ್ದ ಕೆಲವು ಕ್ಷಣ ಹೃದಯ ಹೇಗೆ ನಡೆದುಕೊಂಡಿತು ಎಂಬುದನ್ನಷ್ಟೇ ಆ ಕಾಗದ ಹೇಳುತ್ತದೆ, ರಕ್ತನಾಳದೊಳಗೆ ಕಟ್ಟಿಕೊಳ್ಳುತ್ತಿರುವ ಕೊಬ್ಬಿನ ಬಗ್ಗೆ ಭರವಸೆ ಕೊಡುವುದಿಲ್ಲ ಎಂದು ವೈದ್ಯರು ಬಾಯಿಬಿಡುವಷ್ಟರಲ್ಲಿ ‘ನಾರ್ಮಲ್’ ಎಂಬುದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿ, ಇಪ್ಪತ್ತು ಹೆಬ್ಬೆರಳುಗಳು ಎದ್ದಿರುತ್ತವೆ. ಸಿಗರೇಟು ಬಿಡಿ, ಬಿಪಿ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಿ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದು ಅದೇ ಚೀಟಿಯಲ್ಲಿ ಬರೆದ ಸಾಲುಗಳು ಯಾವ ಗುಂಪಿಗೂ ಹೋಗುವುದಿಲ್ಲ. ಇಸಿಜಿ ಮಾತ್ರ ಜಮೀನಿನ ಪಹಣಿಯ ಜೊತೆ ಬೀರುವಿನಲ್ಲಿ ಭದ್ರವಾಗಿ, ಮುಂದಿನ ಹತ್ತು ವರ್ಷಗಳ ಎದೆನೋವಿಗೆ ನಿರಾಕ್ಷೇಪಣಾ ಪತ್ರವಾಗಿ ಉಳಿಯುತ್ತದೆ.

ಜನ ಬರುವುದಿಲ್ಲವಾದರೆ ನಾವೇ ಹೋಗೋಣ ಎಂದು ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಗೃಹ ಆರೋಗ್ಯ ಯೋಜನೆಯನ್ನು ಶುರುಮಾಡಿ, ಮೂವತ್ತು ದಾಟಿದವರ ಬಿಪಿ, ಶುಗರ್ ನೋಡಲು ಸಿಬ್ಬಂದಿಯನ್ನು ಮನೆಬಾಗಿಲಿಗೇ ಕಳಿಸಿತು. ಬಾಗಿಲಲ್ಲಿ ಚೀಲ ಹಿಡಿದು ನಿಂತ ಆಶಾ ಕಾರ್ಯಕರ್ತೆಯನ್ನು ಕಂಡು ಮನೆಯ ಯಜಮಾನರು ಹಿತ್ತಲಿನ ಕಡೆಗೆ ಜಾರುತ್ತಾರೆ. ‘ನಮ್ಮನೇಲಿ ಯಾರ್ಗೂ ಏನೂ ಇಲ್ಲ ಕಣಮ್ಮ, ದೇವರ ದಯೆ’ ಎಂದು ಅಜ್ಜಿ ಕುಳಿತಲ್ಲಿಂದಲೇ ಹೇಳುತ್ತಾರೆ. ಸೊಸೆ ಒಳಗಿನಿಂದ ನೀರು ತಂದುಕೊಟ್ಟು, ‘ಇವತ್ತು ಅಮಾವಾಸ್ಯೆ ಅಕ್ಕ, ಸೂಜಿ ಚುಚ್ಚಿಸ್ಕೊಳಲ್ಲ, ಹಬ್ಬ ಆದ್ಮೇಲೆ ಬನ್ನಿ’ ಎಂದು ದಾರಿ ತೋರಿಸುತ್ತಾಳೆ. ಹಬ್ಬಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಗೌರವಧನಕ್ಕಾಗಿ ಬೆಂಗಳೂರಿನ ಬೀದಿಯಲ್ಲಿ ಹಗಲು ರಾತ್ರಿ ಧರಣಿ ಕೂರಬೇಕಾಗಿ ಬಂದ ಅದೇ ಆಶಾ ಕಾರ್ಯಕರ್ತೆಯರ ಕೈಯಲ್ಲಿ ರಾಜ್ಯದ ರಕ್ತದೊತ್ತಡವನ್ನು ಇಳಿಸುವ ಹೊಣೆಯನ್ನೂ ಇಟ್ಟಿರುವುದು ಬೇರೆಯದೇ ವಿಡಂಬನೆ, ಅದನ್ನು ಇನ್ನೊಮ್ಮೆ ಬರೆಯಬಹುದು.

ಹಾಸನದ ಸಾವುಗಳನ್ನು ಪರಿಶೀಲಿಸಲು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ನೇಮಿಸಿದ ಸಮಿತಿ, ಹೃದಯಾಘಾತದ ಸಾವುಗಳಲ್ಲಿ ಅಸಹಜವಾದ ಏರಿಕೆಯೇನೂ ಕಾಣುವುದಿಲ್ಲವೆಂದು ವರದಿ ಕೊಟ್ಟಿತು. ಪಟ್ಟಿಯಲ್ಲಿದ್ದ ಕೆಲವರ ಸಾವಿಗೆ ಹೃದಯ ಕಾರಣವೇ ಆಗಿರಲಿಲ್ಲ. ವರದಿಯನ್ನು ಸರಿಯಾಗಿ ಓದಿದರೆ ಹೆದರಿಕೆ ಹೆಚ್ಚಾಗಬೇಕು, ಏಕೆಂದರೆ ಇಷ್ಟು ಜನ ಸಾಯುವುದು ಮಾಮೂಲು ಎಂದೇ ಅದರ ಅರ್ಥ. ನಾವು ಓದಿದ್ದು ‘ಏರಿಕೆಯಿಲ್ಲ’ ಎಂಬಷ್ಟನ್ನು ಮಾತ್ರ. ಸಾಲುಗಳು ಕರಗಿದವು, ಎದೆ ಮತ್ತೆ ಗ್ಯಾಸ್ಟ್ರಿಕ್‌ಗೆ ಹಿಂಬಡ್ತಿ ಪಡೆಯಿತು.

ಅದೇ ಜುಲೈನಲ್ಲಿ ಸರ್ಕಾರ ಇನ್ನೊಂದು ತೀರ್ಮಾನವನ್ನೂ ಪ್ರಕಟಿಸಿತು: ಆಸ್ಪತ್ರೆಯ ಹೊರಗೆ ಯಾರಾದರೂ ಹಠಾತ್ತಾಗಿ ಸತ್ತರೆ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಶವಪರೀಕ್ಷೆ ಆಗಬೇಕು. ಎಂದರೆ ಬದುಕಿನುದ್ದಕ್ಕೂ ಆಸ್ಪತ್ರೆಯ ಮೆಟ್ಟಿಲು ಹತ್ತದವನಿಗೂ ಒಮ್ಮೆ ಸಮಗ್ರ ತಪಾಸಣೆ ಖಾತ್ರಿಯಾಯಿತು. ಅದಕ್ಕೆ ಟೋಕನ್ ಇಲ್ಲ, ಶಿಫಾರಸು ಪತ್ರ ಬೇಕಿಲ್ಲ, ‘ಕ್ಯಾಶಾ, ಇನ್ಶೂರೆನ್ಸಾ’ ಎಂದು ಕೇಳುವವರಿಲ್ಲ, ಮತ್ತು ಹಬ್ಬ ಮುಗಿದ ಮೇಲೆ ಬರುತ್ತೇನೆಂದು ರೋಗಿ ಜಾರಿಕೊಳ್ಳುವಂತೆಯೂ ಇಲ್ಲ.