‘ನೀರೋನ ದೀವಟಿಗೆಗಳು’: ಕಾದಂಬರಿ ಓದಿ ಬರೆದ ಚಿತ್ರವಲ್ಲ

ನೀರೋ ಚಕ್ರವರ್ತಿಯ ಎದುರು ಕ್ರೈಸ್ತರನ್ನು ಸುಡಲು ಸಜ್ಜಾಗಿರುವ ಚಿತ್ರವೊಂದು ‘ಕ್ವೋ ವಾಡಿಸ್ ಕಾದಂಬರಿ ಓದಿ ಇಟಲಿಯ ಕಲಾವಿದ ಬರೆದದ್ದು’ ಎಂಬ ಒಕ್ಕಣೆಯೊಂದಿಗೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಬರೆದವರು ಪೋಲಿಷ್ ಕಲಾವಿದ ಹೆನ್ರಿಕ್ ಸೆಮಿರಾಡ್‌ಸ್ಕಿ. ಹುಟ್ಟಿದ್ದು ಖಾರ್ಕಿವ್ ಸೀಮೆಯಲ್ಲಿ, ಓದಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಇಟಲಿಯ ನಂಟೆಂದರೆ ರೋಮ್‌ನಲ್ಲಿ ನೆಲೆಸಿದ್ದು, ಅಷ್ಟೇ. ಚಿತ್ರ ಮುಗಿದದ್ದು 1876ರಲ್ಲಿ; ಪೋಲಿಷ್ ಲೇಖಕ ಸೆಂಕೆವಿಚ್ ಅವರ ‘ಕ್ವೋ ವಾಡಿಸ್’ ಕಾದಂಬರಿ ಬಂದದ್ದು 1890ರ ದಶಕದಲ್ಲಿ. ಇನ್ನೂ ಬಾರದ ಕಾದಂಬರಿಯನ್ನು ಓದುವುದೆಲ್ಲಿಂದ ಬಂತು?

ಸುಮಾರು ಏಳು ಮೀಟರ್ ಅಗಲದ ಕ್ಯಾನ್ವಾಸ್. ಎಡಕ್ಕೆ ಪಲ್ಲಕ್ಕಿಯಲ್ಲಿ ನೀರೋ, ಸುತ್ತ ಬಿಳಿ ಅಮೃತಶಿಲೆ, ಹೂಮಾಲೆ, ಮೋಜಿನ ಜನ. ಬಲತುದಿಯಲ್ಲಿ ಹುಲ್ಲು ಸುತ್ತಿ ಕಂಬಕ್ಕೆ ಕಟ್ಟಿದವರು. ಕಣ್ಣು ಮೊದಲು ಹೋಗುವುದು ವೈಭವದ ಕಡೆಗೇ. 1879ರಲ್ಲಿ ಸೆಮಿರಾಡ್‌ಸ್ಕಿ ಇದನ್ನು ಪೋಲೆಂಡಿನ ಕ್ರಾಕೋವ್ ನಗರಕ್ಕೆ ದಾನ ಕೊಟ್ಟರು. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಶುರುವಾದದ್ದೇ ಈ ಚಿತ್ರದಿಂದ.