ವಿದೇಶಿ ಎಂಬಿಬಿಎಸ್: ‘ಎನ್‌ಎಂಸಿ ಮಾನ್ಯತೆ ಪಡೆದ ಕಾಲೇಜು’ ಎಂಬುದೊಂದು ಇಲ್ಲ

ನೀಟ್ ಫಲಿತಾಂಶ ಬಂದ ಕೂಡಲೇ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡುತ್ತದೆ: ‘ಇವು ಎನ್‌ಎಂಸಿ ಮಾನ್ಯತೆ ಪಡೆದ ವಿದೇಶಿ ಕಾಲೇಜುಗಳು. ವಿಶ್ವದ ವೈದ್ಯಕೀಯ ಕಾಲೇಜುಗಳ ಡೈರೆಕ್ಟರಿಯಲ್ಲೂ ಹೆಸರಿದೆ, ಕಣ್ಣುಮುಚ್ಚಿ ಸೇರಿಸಿ’.

ಇದು ತಪ್ಪು. ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಯಾವ ವಿದೇಶಿ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ. ಡೈರೆಕ್ಟರಿಯಲ್ಲಿ ಹೆಸರಿದ್ದರೆ ಅಂಥದ್ದೊಂದು ಕಾಲೇಜು ಇದೆ ಎಂದಷ್ಟೇ ಅರ್ಥ, ಗುಣಮಟ್ಟದ ಮುದ್ರೆಯಲ್ಲ.

ನೋಡಬೇಕಾದ್ದು 2021ರ ನವೆಂಬರ್‌ನಲ್ಲಿ ಬಂದ ಆಯೋಗದ ನಿಯಮ. ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು. ಅದರ ಮೇಲೆ ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಪಾಠ ಇಂಗ್ಲಿಷ್‌ನಲ್ಲೇ ನಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಪದವಿ ಹಿಡಿದು ಆ ದೇಶದಲ್ಲೇ, ಅಲ್ಲಿನವರಂತೆಯೇ ವೈದ್ಯ ವೃತ್ತಿ ಮಾಡಲು ಅರ್ಹತೆ ಸಿಗಬೇಕು. ಏಜೆಂಟರು ಜಾಣತನದಿಂದ ನುಂಗಿಬಿಡುವ ಮಾತು ಇದೇ! ಫಿಲಿಪ್ಪೀನ್ಸ್‌ನ 4 ವರ್ಷದ ಎಂಡಿ (ಅಲ್ಲಿನ ಮೂಲ ವೈದ್ಯ ಪದವಿ) ಸಿಕ್ಕಿಬಿದ್ದದ್ದು ತಿಂಗಳ ಲೆಕ್ಕದಲ್ಲಿ: 48 ತಿಂಗಳಷ್ಟೇ ಆಯಿತು, ಅದಕ್ಕೆ ಮುಂಚಿನ ಬಿಎಸ್ (ವಿಜ್ಞಾನ ಪದವಿ) ಓದನ್ನು ಎಣಿಸಲಿಲ್ಲ.

‘ನೀಟ್ ಬೇಕಿಲ್ಲ’ ಎಂಬುದೂ ಸುಳ್ಳು. ವಿದೇಶಕ್ಕೆ ಹೋಗುವವರಿಗೂ 2018ರಿಂದ ಅದು ಕಡ್ಡಾಯ. ವಾಪಸ್ ಬಂದಮೇಲೆ ವಿದೇಶಿ ವೈದ್ಯ ಪದವೀಧರರಿಗೆಂದೇ ಇರುವ ಎಫ್‌ಎಂಜಿಇ ಪರೀಕ್ಷೆ ಇದ್ದೇ ಇದೆ: 300ಕ್ಕೆ 150 ಅಂಕ ಬೇಕು. ಆಮೇಲೆ ಇಲ್ಲಿಯೂ ಇಂಟರ್ನ್‌ಶಿಪ್.

ಹಾಗಾಗಿ ಎರಡು ವಿಶ್ವವಿದ್ಯಾಲಯಗಳ ನಡುವೆ ಆರಿಸುವಾಗ ಶುಲ್ಕ, ಹಾಸ್ಟೆಲ್‌ನ ಅನ್ನ-ಸಾರು ಆಮೇಲೆ ವಿಚಾರಿಸಿ. ಮೊದಲು ಪಠ್ಯಕ್ರಮದ ತಿಂಗಳುಗಳನ್ನೂ ಲೈಸೆನ್ಸ್ ವಿಷಯವನ್ನೂ ಆ ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ಪಡೆಯಿರಿ, ಏಜೆಂಟರ ಲೆಟರ್‌ಹೆಡ್‌ನಲ್ಲಲ್ಲ.